ಹಳೇ ಪ್ರಿಂಟರ್, ಹೊಸ ರೂಟರ್, ನಡುವೆ ಒಂದು ಖಾಲಿ ಸಾಲು

ಹಳೇ ಪ್ರಿಂಟರನ್ನು ಹೊಸ ರೂಟರಿಗೆ ಸೇರಿಸುವುದಕ್ಕೆ ನನಗೆ ತಗುಲಿದ್ದು ಎಂಟುನೂರ ಐವತ್ತು ರೂಪಾಯಿ ಮತ್ತು ಮೂರು ಹಗಲು. ರಿಪೇರಿಯವರಿಗೆ ಮುನ್ನೂರ ಐವತ್ತು, ಬೇಡದ ಇಂಕಿಗೆ ಮುನ್ನೂರು, ಪ್ರಿಂಟರನ್ನು ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಹೋಗಿ ಬಂದದ್ದಕ್ಕೆ ಇನ್ನೂರು. ಇಷ್ಟೂ ಹೋದದ್ದು ಯಾಕೆ ಅಂದರೆ, ಸೋಮವಾರ ನಾನು ಇನ್ನೂರು ರೂಪಾಯಿ ಉಳಿಸಿದ್ದೆ.

ಅವತ್ತು ಚಳ್ಳಕೆರೆಯ ನಮ್ಮ ಮನೆಗೆ ಹೊಸ ಇಂಟರ್‌ನೆಟ್ ಲೈನ್ ಹಾಕಲು ಒಬ್ಬ ಬಂದಿದ್ದ. ನಲವತ್ತರ ಆಸುಪಾಸಿನ ಆಸಾಮಿ, ಕೆಲಸ ಬಲ್ಲವನೇ. ಏಣಿ ಇಳಿದು ಕೈ ಒರೆಸಿಕೊಳ್ಳುತ್ತ ದರ ಹೇಳಿದ.

"ಹಾಕೋ ಚಾರ್ಜು ಐನೂರಕ್ಕ."

"ಎದುರು ಮನೆಯೋರಿಗೆ ಫ್ರೀ ಹಾಕಿದೀಯಂತೆ. ನಮಗ್ಯಾಕಣ್ಣ ಐನೂರು?"

"ಅವರು ಆರು ತಿಂಗಳದ್ದು ಒಟ್ಟಿಗೇ ಕಟ್ಟಿದಾರೆ."

"ನಾನು ವರ್ಷದ್ದು ಕಟ್ತೀನಿ. ರೂಟರೂ ಫ್ರೀ, ಕೂಲಿನೂ ಫ್ರೀ. ಕೇಳು ನಿಮ್ಮ ಆಫೀಸಿಗೆ."

ಕೇಳಿದ. ಒಪ್ಪಿದರು. ಅವನ ಮುಖ ಗಂಟಾಯಿತು. ಚೀಲದ ಜಿಪ್ ಎಳೆಯುತ್ತ, "ಪ್ರಿಂಟರು, ಕ್ಯಾಮೆರಾ, ಅಂಥವು ಏನಾರ ಐತಾ? ಅವನ್ನೆಲ್ಲ ಸೇರ್ಸಿ ಕೊಡಕೆ ಇನ್ನೂರು ಬೇರೆ" ಅಂದ.

"ಬೇಡ ಬಿಡು, ನಾನೇ ಮಾಡ್ಕೊಂತೀನಿ" ಅಂದೆ. ಫೋನಿಗೆ ಪಾಸ್‌ವರ್ಡ್ ಹಾಕುವುದು ಗೊತ್ತಿದ್ದವಳಿಗೆ ಪ್ರಿಂಟರಿಗೆ ಹಾಕುವುದು ಏನು ಮಹಾ ಅನ್ನುವ ಲೆಕ್ಕ.

ಹೊರಡುವ ಮುಂಚೆ ಅವನು, "ವೈಫೈಗೆ ಏನು ಹೆಸರಿಡ್ಲಿ?" ಎಂದು ಕೇಳಿದ. ನನ್ನ ತಲೆ ಓಡಿತು. ಬೀದಿಯಲ್ಲಿ ಯಾರು ಫೋನ್ ತೆರೆದು ವೈಫೈ ಹುಡುಕಿದರೂ ಸುತ್ತಲಿನ ಮನೆಗಳ ಹೆಸರೆಲ್ಲ ಸಾಲಾಗಿ ಕಾಣುತ್ತವೆ. ಅಂಗಡಿ ಬೋರ್ಡು ಬರೆಸಿದರೆ ಪೇಂಟರಿಗೆ ಕೊಡಬೇಕು, ನಗರಸಭೆಗೆ ಕಟ್ಟಬೇಕು. ಇದು ಬಿಟ್ಟಿ ಬೋರ್ಡು. ನಾನು ಮನೆಯಲ್ಲೇ ಸೀರೆ ಮಾರುವವಳು. "ಮೊಳಕಾಲ್ಮೂರು ರೇಷ್ಮೆ ಸೀರೆ ಅಂತ ಇಡಣ್ಣ. ಕನ್ನಡದಲ್ಲಿ" ಅಂದೆ.

"ಕನ್ನಡದಾಗೆ ಯಾರೂ ಇಡಲ್ಲಕ್ಕ. ಇಂಗ್ಲಿಷಲ್ಲಿ ಇಟ್ಬಿಡ್ತೀನಿ."

"ಯಾಕೆ, ನಿನ್ನ ಡಬ್ಬಿಗೆ ಕನ್ನಡ ಬರಲ್ವಾ?"

"ಬರ್ತೈತೆ, ಬರ್ದೇ ಏನು." ತನ್ನ ಫೋನಿನಲ್ಲಿ ಒತ್ತಿ ನೋಡಿದ. "ಅಷ್ಟುದ್ದ ಹಿಡಿಯಲ್ಲ. ಮೊಳಕಾಲ್ಮೂರು ಕೈಬಿಡ್ರಿ."

"ರೇಷ್ಮೆ ಸೀರೆ ಹಿಡಿಯುತ್ತಾ?"

ಹಿಡಿಯಿತು. ಇನ್ನೊಂದಕ್ಷರ ಹೆಚ್ಚಾಗಿದ್ದರೂ ಆಗುತ್ತಿರಲಿಲ್ಲವಂತೆ. ಎಣ್ಣೆ ಮಿಲ್ಲಿನಿಂದ ಬಂದ ನಮ್ಮನೆಯವರು ಫೋನ್ ತೆರೆದು, "ಬೀರು ತೆಗೆದ್ರೆ ಸೀರೆ, ಮಂಚದ ಕೆಳಗೆ ಸೀರೆ, ಈಗ ಫೋನಲ್ಲೂ ಸೀರೆ!" ಅಂದರು. ನನಗೆ ಅದು ಹೊಗಳಿಕೆಯ ಹಾಗೇ ಕೇಳಿಸಿತು.

ಮಂಗಳವಾರ ಪ್ರಿಂಟರಿನ ಕೆಲಸ ಬಿತ್ತು. ಆ ಕೆಲಸ ಎಂಥದ್ದೆಂದು ಬಿಡಿಸಿ ಹೇಳದಿದ್ದರೆ, ಒಂದು ಪ್ರಿಂಟರಿಗೆ ಇಷ್ಟು ಒದ್ದಾಟವೇ ಎಂದು ನೀವು ನಗುತ್ತೀರಿ.

ನಾನು ಮೊಳಕಾಲ್ಮೂರಿನಲ್ಲಿ ಸೀರೆ ನೇಯಿಸಿ ಮಾರುತ್ತೇನೆ. ಶುರುವಿನಲ್ಲಿ ನನ್ನ ಅಂಗಡಿಯೆಂದರೆ ಒಂದು ಏರ್‌ಬ್ಯಾಗು. ಕುದಾಪುರದ ಕಡೆ ದೊಡ್ಡ ದೊಡ್ಡ ಸಂಸ್ಥೆಗಳು ಬಂದು ಅಲ್ಲಿ ಕ್ವಾರ್ಟರ್ಸ್ ಎದ್ದ ಮೇಲೆ, ಬಸ್ಸಿಳಿದು ಮನೆ ಮನೆಯ ಗಂಟೆ ಒತ್ತಿ ಸೀರೆ ಬಿಚ್ಚಿ ತೋರಿಸಿದವಳು. ಈ ಪ್ರಿಂಟರ್ ಬಂದದ್ದೂ ಅಲ್ಲಿಂದಲೇ. ವರ್ಗವಾಗಿ ಹೊರಟಿದ್ದ ಮೇಡಂ ಒಬ್ಬರು ಲಾರಿಗೆ ಸಾಮಾನು ತುಂಬಿಸುತ್ತಿದ್ದಾಗ, "ಇದನ್ನೆಲ್ಲಿ ಹೊತ್ಕೊಂಡು ಹೋಗ್ತೀರಿ ಮೇಡಂ" ಎಂದು ಒಂದು ಕಾಟನ್ ಸೀರೆ ಕೊಟ್ಟು ಇಸಿದುಕೊಂಡೆ. ವೈರು ಸಿಕ್ಕಿಸುವ ತೂತು ಮುರಿದಿತ್ತು, ಅದನ್ನು ತೋರಿಸಿಯೇ ಬೆಲೆ ಇಳಿಸಿದ್ದು. ವೈರಿಲ್ಲದಿದ್ದರೇನು, ಹಳೇ ರೂಟರಿನ ವೈಫೈಯಲ್ಲಿ ಚೆನ್ನಾಗಿ ನಡೆಯುತ್ತಿತ್ತು. ಮನೆಯಲ್ಲಿ ಕಂಪ್ಯೂಟರ್ ಇಲ್ಲ. ಫೋನಿನಲ್ಲಿ ಒತ್ತಿದರೆ ಅಲ್ಲಿ ಕಾಗದ ಬರಬೇಕು, ಅಷ್ಟೇ ನನಗೆ ಬೇಕಾದ್ದು.

ಈ ಸಲ ಮೊಳಕಾಲ್ಮೂರಿನ ಒಂದು ಮನೆಯಲ್ಲಿ ಹೊಸ ಡಿಸೈನಿನ ಸೀರೆ ಶುರು ಮಾಡಿಸಿದ್ದೆ. ಗಂಡ ಹೆಂಡತಿ ಇಬ್ಬರೂ ಅದೊಂದೇ ಮಗ್ಗದ ಮೇಲೆ ಬದುಕುವವರು. ಬೇರೊಬ್ಬ ವ್ಯಾಪಾರಿ ಅವರಿಗೆ ಕೊಡುತ್ತಿದ್ದ ಖಾಯಂ ಕೆಲಸ ಬಿಡಿಸಿ, ನನ್ನದು ನೇಯಿರಿ ಎಂದು ಒಪ್ಪಿಸಿದ್ದು ನಾನೇ. ಮಗ್ಗಕ್ಕೆ ಹಾಸಿನ ನೂಲು ಏರಿಸಿಯಾಗಿತ್ತು. ಬಾಕಿ ಇದ್ದದ್ದು ಕಾರ್ಡು. ಅಂಚಿನ ಬಳ್ಳಿ ಎಲ್ಲಿ ತಿರುಗಬೇಕು, ಹೂವು ಎಲ್ಲಿ ಏಳಬೇಕು ಎಂದು ಮಗ್ಗಕ್ಕೆ ಹೇಳುವುದು ತೂತು ಹೊಡೆದ ರಟ್ಟಿನ ಕಾರ್ಡುಗಳು. ಅವನ್ನು ಹೊಡೆಯುವ ಹಿರಿಯರೊಬ್ಬರು ಧರ್ಮಾವರದ ಕಡೆಯಿಂದ ಎರಡು ವಾರಕ್ಕೊಮ್ಮೆ ಗುರುವಾರ ಮಾತ್ರ ಬರುತ್ತಾರೆ. ಅವರಿಗೆ ಡಿಸೈನು ಚೌಕಳಿ ಗೆರೆಯ ಕಾಗದದ ಮೇಲೇ ಇರಬೇಕು. ಒಂದೊಂದು ಸಾಲು ಮುಗಿದ ಹಾಗೆ ಪೆನ್ಸಿಲಿನಲ್ಲಿ ಟಿಕ್ ಹಾಕುತ್ತ ಹೋಗುತ್ತಾರೆ. ಫೋನ್ ತೋರಿಸಿದರೆ ಮುಖ ತಿರುಗಿಸುತ್ತಾರೆ. ಆ ಗುರುವಾರ ಕಾಗದ ಮುಟ್ಟದಿದ್ದರೆ ಮಗ್ಗ ಎರಡು ವಾರ ಸುಮ್ಮನೆ ನಿಲ್ಲುತ್ತದೆ. ಮಗ್ಗ ನಿಂತರೆ ಆ ಮನೆಗೆ ಕೂಲಿ ಇಲ್ಲ.

ಝೆರಾಕ್ಸ್ ಅಂಗಡಿಯಲ್ಲಿ ತೆಗೆಸಬಹುದಿತ್ತಲ್ಲ ಅನ್ನುತ್ತೀರಿ. ಹಿಂದೊಮ್ಮೆ ತೆಗೆಸಿದ್ದೆ. ಅವರ ಮೆಷಿನು ಹಾಳೆಗೆ ಹೊಂದಿಸುತ್ತೇನೆಂದು ಚಿತ್ರವನ್ನು ಕುಗ್ಗಿಸಿ, ಚೌಕಳಿಗಳು ಒಂದರೊಳಗೊಂದು ಸೇರಿಕೊಂಡು, ಎಣಿಸುವವರಿಗೆ ಲೆಕ್ಕವೇ ಸಿಕ್ಕಿರಲಿಲ್ಲ. ಅದಕ್ಕಿಂತ ದೊಡ್ಡ ಭಯ ಬೇರೆ. ಡಿಸೈನನ್ನು ಅಂಗಡಿಯ ಫೋನಿಗೆ ಕಳಿಸಬೇಕು. ಸಣ್ಣ ಊರು. ಇವತ್ತು ಅವರ ಫೋನಿಗೆ ಹೋದ ಡಿಸೈನು ಮುಂದಿನ ತಿಂಗಳು ಇನ್ಯಾರದೋ ಮಗ್ಗದ ಮೇಲೆ ಇರುತ್ತದೆ. ನನಗೆ ಹಾಗೆ ಆಗಿ ಬುದ್ಧಿ ಬಂದಿದೆ.

ಸರಿ, ಪ್ರಿಂಟರ್ ಹಾಕಿದೆ. ಅದಕ್ಕೆ ಬೆಂಕಿಪೊಟ್ಟಣದಷ್ಟು ಸ್ಕ್ರೀನು, ಪಕ್ಕದಲ್ಲಿ ಮೇಲೆ ಕೆಳಗೆ ಹೋಗುವ ಬಾಣದ ಬಟನ್ನು. ವೈಫೈ ಹುಡುಕು ಅಂದೆ. ಹುಡುಕಿತು. ಎದುರು ಮನೆಯವರದು ಬಂತು, ಹಿಂದಿನ ಬೀದಿಯ ಮೇಷ್ಟರದು ಬಂತು, ಮೂಲೆಯ ಮೆಡಿಕಲ್ ಶಾಪಿನದೂ ಬಂತು. ನಮ್ಮದು ಬರಲಿಲ್ಲ. ಮೇಷ್ಟರ ಮನೆಗೂ ಮೆಡಿಕಲ್ ಶಾಪಿಗೂ ಮಧ್ಯೆ ಒಂದು ಖಾಲಿ ಸಾಲು. ಹಳೇ ಸ್ಕ್ರೀನು, ಒಂದು ಸಾಲು ಸುಟ್ಟಿರಬೇಕು ಅಂದುಕೊಂಡು ದಾಟಿ ಹೋದೆ. ಎಷ್ಟು ಸಲ ಹಾಗೆ ದಾಟಿದೆನೋ ಲೆಕ್ಕವಿಲ್ಲ. ಪ್ರಿಂಟರ್ ಆರಿಸಿ ಹಾಕಿದೆ, ರೂಟರ್ ಆರಿಸಿ ಹಾಕಿದೆ, ರೂಟರಿನ ಪಕ್ಕಕ್ಕೇ ಪ್ರಿಂಟರನ್ನು ತಂದು ಕೂರಿಸಿದೆ. ಒಂದು ಮೊಳ ದೂರದಲ್ಲಿ ಕೂತು ಪಕ್ಕದವನ ಗುರುತಿಲ್ಲ, ಮೂರು ಮನೆ ಆಚೆಯ ಮೆಡಿಕಲ್ ಶಾಪಿನವರ ಗುರುತಿದೆ! ಸಿಟ್ಟಿನಲ್ಲಿ ಅದರ ತಲೆಗೊಂದು ತಟ್ಟಿದೆ. ಒಂದು ಖಾಲಿ ಹಾಳೆಯನ್ನು ಉಗಿದು ಸುಮ್ಮನಾಯಿತು.

ಲೈನಿನವನಿಗೆ ಫೋನ್ ಮಾಡಿದೆ.

"ಹಳೇ ಪ್ರಿಂಟರು ಟೂ ಪಾಯಿಂಟ್ ಫೋರ್ ಅನ್ನೋ ಸಿಗ್ನಲ್ಲಲ್ಲೇ ಬರೋದಕ್ಕ. ಅದನ್ನೂ ಆನ್ ಇಟ್ಟೇ ಬಂದೀನಿ. ನಮ್ಮ ರೂಟರ್ ಸರಿಯಾಗೈತೆ. ನಿಮ್ಮ ಪ್ರಿಂಟರಿಗೇ ವಯಸ್ಸಾಗೈತೆ, ಬಿಟ್ಬಿಡಿ ಪಾಪ."

"ಬಂದು ನೋಡಣ್ಣ ಒಂದ್ಸಲ."

"ಇನ್ನೂರಕ್ಕೆ ಅವತ್ತೇ ಮಾಡಿಕೊಡ್ತಿದ್ದೆ. ಈಗ ನಾನು ಹಿರಿಯೂರಲ್ಲಿದೀನಿ. ಶುಕ್ರವಾರ ಬರ್ತೀನಿ."

ನನಗೆ ಶುಕ್ರವಾರ ತಗೊಂಡು ಏನು ಮಾಡಬೇಕು?

ಬುಧವಾರ ಮಧ್ಯಾಹ್ನ ಪ್ರಿಂಟರನ್ನು ಟವೆಲ್ಲಿನಲ್ಲಿ ಸುತ್ತಿ, ಆಟೋ ಹತ್ತಿ, ಪೇಟೆಯ ರಿಪೇರಿ ಅಂಗಡಿಗೆ ಹೋದೆ. ಅಲ್ಲಿಯ ಯಜಮಾನರು ವಯಸ್ಸಾದ ಸಾಬರು, ಮಾತು ಮೆತ್ತಗೆ. ನೋಡುವುದಕ್ಕೇ ಐನೂರು ಅಂದರು. ಮುನ್ನೂರ ಐವತ್ತಕ್ಕೆ ಇಳಿಸಿದೆ. ಅವರು ಕನ್ನಡಕ ಏರಿಸಿಕೊಂಡು ನಾಲ್ಕು ಬಟನ್ ಒತ್ತಿದರು. ಎರಡು ನಿಮಿಷವೂ ಆಗಿರಲಿಲ್ಲ, ಪ್ರಿಂಟರ್ ಅವರ ಅಂಗಡಿಯ ವೈಫೈಗೆ ಸೇರಿ, ಹೂವಿನ ಹಾಗೆ ಬಣ್ಣಬಣ್ಣದ ಹಾಳೆ ಬಿಟ್ಟಿತು.

"ದೇಖೋ ಅಕ್ಕ. ಏಕ್‌ದಂ ತಂದುರುಸ್ತ್. ಇದಕ್ಕೆ ಏನೂ ಕಾಯಿಲೆ ಇಲ್ಲ."

"ಏನೂ ಇಲ್ಲ ಅಂದ್ರೆ ದುಡ್ಡು ಯಾಕೆ ಭಾಯ್?"

"ಏನೂ ಇಲ್ಲ ಅಂತ ಹೇಳೋಕೇ ನಲವತ್ತು ವರ್ಷ ಕಲ್ತಿದೀನಿ ಅಕ್ಕ. ನಿಮ್ಮ ರೂಟರ್ ಖರಾಬ್ ಆಗಿರ್ತೈತೆ. ಇಂಕ್ ಮಾತ್ರ ಕಮ್ಮಿ ಕಾಣ್ತೈತೆ, ಒಂದು ಹಾಕ್ಲಾ?"

ಗುರುವಾರದ ಆತಂಕಕ್ಕೆ, ಹಾಕಿ ಅಂದೆ. ಮನೆಗೆ ಬಂದು ನೋಡಿದರೆ ಬೀರುವಿನಲ್ಲಿ ಅದೇ ಇಂಕು ಸೀಲ್ ಒಡೆಯದೆ ಕೂತಿತ್ತು. ಪ್ರಿಂಟರ್ ಮಾತ್ರ ಮತ್ತೆ ಅದೇ ರಾಗ. ಮೇಷ್ಟರು, ಖಾಲಿ ಸಾಲು, ಮೆಡಿಕಲ್ ಶಾಪು. ಆಗ ಹೊಳೆಯಿತು: ಅಂಗಡಿಯಲ್ಲಿ ಪ್ರಿಂಟರ್ ನಡೆಯುತ್ತಿತ್ತು, ಡಿಸೈನ್ ಇದ್ದ ಫೋನು ನನ್ನ ಕೈಚೀಲದಲ್ಲೇ ಇತ್ತು. ಅಲ್ಲೇ ಆರು ಹಾಳೆ ಒತ್ತಿಸಿಕೊಂಡು ಬಂದಿದ್ದರೆ ಮುಗಿಯುತ್ತಿತ್ತು. ನೂರೈವತ್ತು ಇಳಿಸಿದ ಸಂಭ್ರಮದಲ್ಲಿ ಹೋದ ಕೆಲಸವನ್ನೇ ಮರೆತಿದ್ದೆ. ಫೋನ್ ಮಾಡಿದರೆ, ಅಂಗಡಿ ಮುಚ್ಚಿದ್ದಾರಂತೆ, ನಾಳೆ ಹನ್ನೊಂದಕ್ಕೆ ತೆರೆಯುತ್ತಾರಂತೆ. ಅವತ್ತು ನಮ್ಮನೆಯವರು ಪ್ರಿಂಟರಿನ ಸುದ್ದಿಗೇ ಬರದೆ ಹಜಾರದಲ್ಲಿ ಟಿವಿ ನೋಡುತ್ತ ಕೂತರು. ಅದು ಅವರ ಪುಣ್ಯ.

ಗುರುವಾರ ಬೆಳಿಗ್ಗೆ ನೇಕಾರರ ಮನೆಗೆ ಏನು ಹೇಳುವುದು? ದಿನವೂ ಫೋನ್ ಮಾಡಿ ಮಾತಾಡುವವಳು ನಾನು. ಆವತ್ತು ಬಾಯಿ ಬರಲಿಲ್ಲ. ಆ ಮನೆಯಾಕೆಗೆ ಒಂದು ಮೆಸೇಜ್ ಬರೆದು ಕಳಿಸಿದೆ: ಪ್ರಿಂಟ್ ಇನ್ನೂ ಆಗಿಲ್ಲ, ಹನ್ನೊಂದಕ್ಕೆ ಅಂಗಡಿ ತೆರೆದ ಮೇಲೆ ತೆಗೆಸಿಕೊಂಡು ಬರುತ್ತೇನೆ, ಕಾರ್ಡಿನವರನ್ನು ಹೇಗಾದರೂ ಕೂರಿಸಿಕೊಂಡಿರಿ. ಐದು ನಿಮಿಷಕ್ಕೆ ಆಕೆಯ ಧ್ವನಿಯ ಮೆಸೇಜೇ ಬಂತು.

"ಅಕ್ಕಾ, ಏನೋ ಬರೆದು ಕಳ್ಸಿದೀರಿ. ನಾನು ಓದಿದ್ದು ರಾಯದುರ್ಗದ ತೆಲುಗು ಸ್ಕೂಲು, ನಿಮಗೆ ಗೊತ್ತಿಲ್ವಾ? ಮಾತು ಬರ್ತೈತೆ, ಕನ್ನಡ ಅಕ್ಷರ ಬರಲ್ಲ. ನೀವು ಕಳ್ಸಿರೋದು ಕಾಣ್ತೈತೆ, ಏನೈತೋ ಕಾಣಲ್ಲ. ಓದಾಕೆ ಇವರೂ ಇಲ್ಲ, ಜರಿ ತರಾಕೆ ಹೋಗಿದಾರೆ. ಬಾಯಲ್ಲಿ ಹೇಳಿ. ಕಾರ್ಡಿನ ತಾತ ಬಂದು ಕೂತಾಯ್ತು. ಒಂದು ಕಾಫಿ ಕೊಟ್ಟೀನಿ, ಎರಡನೇದಕ್ಕೆ ಸಕ್ಕರೆ ಇಲ್ಲ."

ಇಷ್ಟು ವರ್ಷದ ಒಡನಾಟ, ಆಕೆಗೆ ಕನ್ನಡ ಓದಲು ಬರುವುದಿಲ್ಲವೆಂದು ನಾನು ಗಮನಿಸಿಯೇ ಇರಲಿಲ್ಲ. ಅಷ್ಟು ಚೆನ್ನಾಗಿ ಮಾತಾಡುತ್ತಾಳೆ. ಉತ್ತರ ಹೇಳಲು ಬಟನ್ ಒತ್ತಿ ಹಿಡಿದವಳು ಹಾಗೇ ಕೈ ಬಿಟ್ಟೆ. ಕಳಿಸಿರುವುದು ಕಾಣುತ್ತದೆ, ಏನಿದೆಯೋ ಕಾಣುವುದಿಲ್ಲ. ಮೇಷ್ಟರಿಗೂ ಮೆಡಿಕಲ್ ಶಾಪಿಗೂ ನಡುವಿನ ಆ ಖಾಲಿ ಸಾಲು!

ರೂಟರಿನ ಸ್ವಿಚ್ ಆರಿಸಿದೆ. ಪ್ರಿಂಟರಿನಲ್ಲಿ ಮತ್ತೆ ಹುಡುಕಿಸಿದೆ. ಎದುರು ಮನೆ, ಮೇಷ್ಟರು, ಮೆಡಿಕಲ್ ಶಾಪು. ಖಾಲಿ ಸಾಲು ಇಲ್ಲ. ರೂಟರ್ ಹಾಕಿ ಎರಡು ನಿಮಿಷ ಬಿಟ್ಟು ಹುಡುಕಿಸಿದೆ. ಖಾಲಿ ಸಾಲು ಬಂದು ಕೂತಿತ್ತು. ಅದು ಸುಟ್ಟ ಸಾಲಲ್ಲ, ಅದೇ ನಮ್ಮ ಮನೆ. ಪ್ರಿಂಟರಿಗೆ ನಮ್ಮ ಸಿಗ್ನಲ್ಲು ಮೂರು ದಿನದಿಂದ ಸಿಗುತ್ತಲೇ ಇತ್ತು, ಹೆಸರು ಓದಲು ಅಕ್ಷರ ಬರುತ್ತಿರಲಿಲ್ಲ. ನಾನು ಬಿಟ್ಟಿ ಬೋರ್ಡು ಹಾಕಿದ್ದು ಕನ್ನಡದಲ್ಲಿ. ಆ ಯಂತ್ರವನ್ನು ಮಾಡಿದವರು ಅದಕ್ಕೆ ಇಂಗ್ಲಿಷ್ ಬಿಟ್ಟು ಇನ್ನೊಂದು ಅಕ್ಷರ ಕಲಿಸಿರಲಿಲ್ಲ. ಫೋನುಗಳು ಕಲಿತಿವೆ, ಟಿವಿ ಕಲಿತಿದೆ, ಇದು ಕಲಿಯುವುದಕ್ಕೆ ಮುಂಚೆ ಹುಟ್ಟಿದ್ದು. ಹೋಗಲಿ, ಖಾಲಿ ಸಾಲಿನ ಮೇಲೇ ನಿಂತು ಓಕೆ ಒತ್ತೋಣವೆಂದು ಒತ್ತಿದೆ. ಪಾಸ್‌ವರ್ಡ್ ಕೇಳಿತು, ಕೊಟ್ಟ ಮೇಲೆ ಆಗಲ್ಲ ಅಂದಿತು.

ಲೈನಿನವನು ಫೋನಿನಲ್ಲಿ ಎಲ್ಲಿ ಒತ್ತಿ ಹೆಸರಿಟ್ಟನೆಂದು ನೋಡಿಕೊಂಡಿದ್ದೆ. ಅಲ್ಲಿಗೇ ಹೋಗಿ ರೇಷ್ಮೆ ಸೀರೆಯನ್ನು ಅಳಿಸಿ, ಇಂಗ್ಲಿಷ್ ಅಕ್ಷರದಲ್ಲಿ ಬರೀ ಸೀರೆ ಎಂದು ಇಟ್ಟೆ. ಆ ಕ್ಷಣ ಒಳಗಿನಿಂದ ನಮ್ಮನೆಯವರು, "ಏ, ಟಿವಿ ನಿಂತೋಯ್ತಲ್ಲೇ!" ಎಂದು ಕೂಗಿದರು. ನಿಲ್ಲಲಿ ಅಂದೆ. ಪ್ರಿಂಟರ್ ಹೊಸ ಹೆಸರನ್ನು ಒಂದೇ ಏಟಿಗೆ ತೋರಿಸಿತು. ಇನ್ನು ಪಾಸ್‌ವರ್ಡ್. ಅಕ್ಕಪಕ್ಕದವರು ಊಹಿಸಬಾರದೆಂದು ಹದಿನಾರು ಅಕ್ಷರದ್ದು ಇಡಿಸಿದ್ದೆ, ಮಧ್ಯೆ ಮಧ್ಯೆ ದೊಡ್ಡಕ್ಷರ. ಬಾಣದ ಬಟನ್ನಿನಲ್ಲಿ ಒಂದೊಂದಕ್ಷರಕ್ಕೂ ಮೊದಲಿಂದ ಇಳಿಯುತ್ತ ಹೋಗಬೇಕು. ಬೆರಳು ಜೋರಾದರೆ ಅಕ್ಷರ ದಾಟಿ ಹೋಗುತ್ತದೆ, ಹಿಂದಕ್ಕೆ ಬರೋಣವೆಂದರೆ ಹಾಕಿದ್ದನ್ನೆಲ್ಲ ಅಳಿಸುತ್ತದೆ. ಮೂರನೇ ಸಲಕ್ಕೆ ಪ್ರಿಂಟರಿನ ನೀಲಿ ದೀಪ ಮಿಣುಕುವುದನ್ನು ಬಿಟ್ಟು ಸ್ಥಿರವಾಗಿ ಉರಿಯಿತು, ಸೇರಿಕೊಂಡಿತ್ತು.

ಫೋನಿನಿಂದ ಪ್ರಿಂಟ್ ಒತ್ತಿದರೆ, ಪ್ರಿಂಟರ್ ಸಿಕ್ಕಿಲ್ಲ ಅನ್ನುತ್ತದೆ! ಅಳು ಬರುವುದೊಂದು ಬಾಕಿ. ಹತ್ತು ನಿಮಿಷ ಒದ್ದಾಡಿದ ಮೇಲೆ ಕಂಡದ್ದು ಏನೆಂದರೆ, ಹೆಸರು ಬದಲಾದದ್ದಕ್ಕೆ ನನ್ನ ಫೋನು ವೈಫೈ ಬಿಟ್ಟು ಸಿಮ್ಮಿನ ಡಾಟಾಕ್ಕೆ ಹೋಗಿ ಕೂತಿತ್ತು. ಫೋನನ್ನೂ ಹೊಸ ಹೆಸರಿಗೆ ಸೇರಿಸಿದೆ. ಆಗ ಬಂತು ನೋಡಿ ಮೊದಲ ಹಾಳೆ. ಚೌಕಳಿ ಚೌಕಳಿಯಾಗಿ, ಒಂದು ಗೆರೆ ಅಲುಗದೆ. ಅಂಚಿಗೆ ಎರಡು, ಸೆರಗಿಗೆ ನಾಲ್ಕು, ಒಟ್ಟು ಆರು. ಗಂಟೆ ಹನ್ನೆರಡೂ ಮುಕ್ಕಾಲು. ಹಾಳೆಗಳನ್ನು ಸೀರೆಯ ರಟ್ಟಿನ ಡಬ್ಬಿಗೆ ಹಾಕಿಕೊಂಡು, ಊಟ ಬಿಟ್ಟು, ಮೂರು ದಿನದಿಂದ ಬರದ ಕಾಗದ ಈಗ ಬಂತು, ತಾತನನ್ನು ಬಿಡಬೇಡಿ ಎಂದು ಆಕೆಗೆ ಬಾಯಲ್ಲೇ ಹೇಳಿ ಕಳಿಸಿ, ಮೊಳಕಾಲ್ಮೂರು ಬಸ್ಸಿಗೆ ಓಡಿದೆ.

ಮುಟ್ಟಿದಾಗ ಮೂರು ಗಂಟೆ. ಕಾರ್ಡಿನ ತಾತ ಜಗಲಿಯಲ್ಲಿ ಚಪ್ಪಲಿ ಮೆಟ್ಟಿಕೊಂಡೇ ಕೂತಿದ್ದರು.

"ಏಮಮ್ಮಾ, ಇಲ್ಲಿಂದ ದೇಶಕ್ಕೆಲ್ಲ ಸೀರೆ ಕಳ್ಸ್ತೀರಿ, ಆರು ಕಾಗದ ತರಾಕೆ ಮೂರು ದಿನಾನಾ?"

"ಅದನ್ನ ಕೇಳ್ಬೇಡಿ ತಾತ. ಕೂತ್ಕೊಳ್ಳಿ, ಶುರು ಮಾಡಿ."

"ಐದಕ್ಕೆ ನನ್ನ ಬಸ್ಸು. ಅಂಚು ಆಗ್ತದೆ. ಸೆರಗು ಆಗಲ್ಲ."

"ಇನ್ನೊಂದೆರಡು ತಾಸು ಕೂತ್ರೆ ಸೆರಗೂ ಮುಗೀತದೆ. ಎಷ್ಟು ಬೇಕು ಹೇಳಿ, ಕೊಡ್ತೀನಿ."

"ನನಗೆ ಕೊಟ್ರೆ ನಾನು ನಿಲ್ತೀನಮ್ಮ. ಬಸ್ಸು ನಿಲ್ತದಾ?"

ಅಂಚಿನ ಎರಡು ಹಾಳೆ ತೆಗೆದು ಕೊಟ್ಟೆ. ಅವರು ಹಾಳೆ ಹರಡಿಕೊಂಡು ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡರು. ತೂತು ಹೊಡೆಯುವ ಸದ್ದು ಶುರುವಾದ ಮೇಲೆ ನಾನು ನೀರು ಕುಡಿದೆ. ಐದಕ್ಕೆ ಕಾಲು ಗಂಟೆ ಇರುವಾಗ ಅಂಚಿನ ಕಡೆಯ ಕಾರ್ಡು ಮುಗಿಯಿತು. ಸೆರಗಿನ ನಾಲ್ಕು ಹಾಳೆ ಡಬ್ಬಿಯಲ್ಲೇ ಉಳಿದವು.

ಜರಿ ತರಲು ಹೋಗಿದ್ದ ನೇಕಾರರು ಬಂದು ಕಾರ್ಡುಗಳನ್ನು ಬೆಳಕಿಗೆ ಹಿಡಿದು ನೋಡಿದರು. "ಪರವಾಲೇದಕ್ಕ. ನಾಳೆ ಅಂಚಿನ ಕಾರ್ಡಲ್ಲೇ ಸೀರೆ ಮೈ ಶುರು ಮಾಡ್ತೀವಿ, ಸೆರಗು ಕೊನೆಗೆ ನೇಯ್ತೀವಿ. ಅಷ್ಟರಾಗೆ ತಾತ ಮತ್ತೆ ಬರ್ತಾರೆ" ಅಂದರು. ಮಗ್ಗ ಖಾಲಿ ನಿಲ್ಲಲಿಲ್ಲ, ಆ ಮನೆಯ ಕೂಲಿ ತಪ್ಪಲಿಲ್ಲ. ಸೀರೆ ಮಾತ್ರ ಸೆರಗಿಗಾಗಿ ಕಾದು ಒಂದು ವಾರ ತಡವಾಯಿತು. ಕುದಾಪುರದಲ್ಲಿ ಅದನ್ನು ಹೇಳಿಟ್ಟಿದ್ದವರು ತಮ್ಮ ಮನೆಯ ಗೃಹಪ್ರವೇಶಕ್ಕೆ ಬೇರೆಯವರ ಹತ್ತಿರ ಕೊಂಡ ಸೀರೆ ಉಟ್ಟರು. ನನ್ನನ್ನೂ ಊಟಕ್ಕೆ ಕರೆದಿದ್ದರು. ಆ ಸೀರೆ ನೋಡುತ್ತಲೇ ಹೋಳಿಗೆ ತಿಂದೆ.

ಹಾಗಾಗಿ ಹೇಳುತ್ತೇನೆ, ಕೇಳಿ. ರೂಟರ್ ಬದಲಾಯಿಸುವಾಗ ಹಳೇ ರೂಟರಿನಲ್ಲಿ ಯಾವ ಹೆಸರು, ಯಾವ ಪಾಸ್‌ವರ್ಡ್ ಇತ್ತೋ ಅದನ್ನೇ ಹೊಸದಕ್ಕೂ ಅಕ್ಷರ ಬಿಡದೆ ಇಡಿಸಿ. ಮನೆಯ ಹಳೇ ಯಂತ್ರಗಳು ಹೆಚ್ಚಿನವು ತಾವಾಗಿಯೇ ಸೇರಿಕೊಳ್ಳುತ್ತವೆ. ಇದನ್ನು ನನಗೆ ಲೈನಿನವನು ಹೇಳಿದ್ದು ಎಲ್ಲ ಮುಗಿದ ಮೇಲೆ, ಶುಕ್ರವಾರ ಬಂದು ಚಹಾ ಕುಡಿಯುತ್ತ. ಹೊಸ ಹೆಸರೇ ಬೇಕೆಂದರೆ ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಇಡಿ. ಕನ್ನಡದ ಅಭಿಮಾನ ಬೋರ್ಡಿನ ಮೇಲೆ ತೋರಿಸಿ, ಅದಕ್ಕೆ ನಾಲ್ಕು ಕಾಸು ಹೋದರೂ ಸರಿ. ಯಂತ್ರ ನಿಮ್ಮ ವೈಫೈ ಹುಡುಕುತ್ತಿಲ್ಲ ಅನ್ನಿಸಿದರೆ ರೂಟರ್ ಆರಿಸಿ ನೋಡಿ, ಪಟ್ಟಿಯಿಂದ ಯಾವ ಸಾಲು ಮಾಯವಾಗುತ್ತದೋ ಅದೇ ನಿಮ್ಮದು. ಪ್ರಿಂಟರೂ ಫೋನೂ ಒಂದೇ ವೈಫೈಯಲ್ಲಿವೆಯೇ ಎಂದು ನೋಡಿಕೊಂಡ ಮೇಲೇ ಸಿಟ್ಟು ಮಾಡಿಕೊಳ್ಳಿ. ರಿಪೇರಿ ಅಂಗಡಿಯಲ್ಲಿ ಅದು ನಡೆದುಬಿಟ್ಟರೆ, ದುಡ್ಡಿನ ಮಾತು ಆಮೇಲಿರಲಿ, ಮೊದಲು ನಿಮ್ಮ ಹಾಳೆಗಳನ್ನು ಅಲ್ಲೇ ತೆಗೆದುಕೊಳ್ಳಿ.

ಚೌಕಾಸಿ ಮಾಡಬೇಡಿ ಎಂದು ನಾನು ಯಾರಿಗೂ ಹೇಳುವವಳಲ್ಲ. ಲೈನಿಗೆ ಮಾಡಿ, ರೂಟರಿಗೆ ಮಾಡಿ. ಸೇರಿಸಿಕೊಡುವ ಕೈಕೆಲಸಕ್ಕೆ ಮಾತ್ರ ಕೇಳಿದ್ದನ್ನು ಕೊಟ್ಟು, ಮನೆಯಲ್ಲಿರುವ ಒಂದೊಂದು ಯಂತ್ರವೂ ನಿಮ್ಮ ಕಣ್ಣೆದುರು ನಡೆದ ಮೇಲೆಯೇ ಅವನನ್ನು ಬೀಳ್ಕೊಡಿ. ಇನ್ನೊಬ್ಬರ ಮನೆಯ ಕೆಲಸ ನಿಮ್ಮ ಒಂದು ಹಾಳೆಗಾಗಿ ಕಾದು ಕೂತಿರುವ ವಾರದಲ್ಲಂತೂ ರೂಟರ್ ಬದಲಾಯಿಸಲು ಹೋಗಲೇಬೇಡಿ.